ಎಣಿಕೆಗೆ ಸಿಗದ ಕಾಲಾಳುಗಳು: ಪ್ರಾಚೀನ ಗ್ರೀಸಿನ ಲಘು ಪದಾತಿ

ಪ್ರಾಚೀನ ಗ್ರೀಕರ ಯುದ್ಧವೆಂದರೆ ಕಂಚಿನ ಶಿರಸ್ತ್ರಾಣ ತೊಟ್ಟು, ದುಂಡನೆಯ ದೊಡ್ಡ ಗುರಾಣಿಗಳನ್ನು ಅಂಚಿಗೆ ಅಂಚು ತಾಗುವಂತೆ ಹಿಡಿದು, ಈಟಿ ಚಾಚಿ ಸಾಲುಗಟ್ಟಿ ನಡೆಯುವ ಭಾರಿ ಪದಾತಿಯ ಕಾಳಗವೆಂಬ ಚಿತ್ರ ಪಠ್ಯಪುಸ್ತಕಗಳಲ್ಲೂ ಸಿನಿಮಾಗಳಲ್ಲೂ ಗಟ್ಟಿಯಾಗಿ ನೆಲೆಯೂರಿದೆ. ಹಾಪ್ಲೈಟ್ ಎಂದು ಹೆಸರಾದ ಈ ಯೋಧನು ಸಾಮಾನ್ಯವಾಗಿ ತನ್ನ ಆಯುಧಗಳನ್ನು ಸ್ವಂತ ಖರ್ಚಿನಲ್ಲಿ ಕೊಳ್ಳಬಲ್ಲ, ಅಷ್ಟಿಷ್ಟು ಜಮೀನುಳ್ಳ ನಾಗರಿಕನಾಗಿದ್ದನು. ಅವನ ಅಕ್ಕಪಕ್ಕದಲ್ಲಿ ಮತ್ತು ಹಿಂದೆ, ಅವನಷ್ಟೇ ಸಂಖ್ಯೆಯಲ್ಲಿ, ಹಲವು ಸಲ ಅವನಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ, ಕವಚವಿಲ್ಲದೆ ಕಲ್ಲು, ಭರ್ಜಿ, ಬಾಣಗಳನ್ನು ಹಿಡಿದ ಜನರಿರುತ್ತಿದ್ದರು. ಗ್ರೀಕರು ಇವರನ್ನು 'ಪ್ಸಿಲೋಯ್', ಅಂದರೆ ಬರಿಮೈಯವರು, ಎಂದೂ 'ಗಿಮ್ನೇತೆಸ್', ಅಂದರೆ ಬೆತ್ತಲೆಯವರು, ಎಂದೂ ಕರೆದರು. ಕೈಯಲ್ಲಿ ಏನಿತ್ತು ಎಂಬುದನ್ನು ಬಿಟ್ಟು ಮೈಮೇಲೆ ಏನಿರಲಿಲ್ಲ ಎಂಬುದರಿಂದ ಹುಟ್ಟಿದ ಈ ಹೆಸರುಗಳಲ್ಲೇ ಗ್ರೀಕ್ ಸಮಾಜದ ತೀರ್ಪು ಅಡಗಿದೆ. ಲಘು ಪದಾತಿಯ ಇತಿಹಾಸ ಬರೆಯಹೊರಟವರಿಗೆಲ್ಲ ಮೊದಲು ಎದುರಾಗುವ ತೊಡಕೂ ಇದೇ.

ಆಯುಧದ ದೃಷ್ಟಿಯಿಂದ ಇವರಲ್ಲಿ ಹಲವು ಬಗೆಯವರಿದ್ದರು. ಕೈಗೆ ಸಿಕ್ಕ ಕಲ್ಲನ್ನೇ ಬೀರುವವರು ತಳದಲ್ಲಿದ್ದರೆ, ಅವರಿಗಿಂತ ಮೇಲೆ ಭರ್ಜಿ ಎಸೆಯುವವರಿದ್ದರು. ಇವರ ಭರ್ಜಿಯ ನಡುಭಾಗಕ್ಕೆ ತೊಗಲಿನ ಪಟ್ಟಿಯನ್ನು ಸುತ್ತಿ ಅದರ ಕುಣಿಕೆಯಲ್ಲಿ ತೋರುಬೆರಳನ್ನು ತೂರಿಸುತ್ತಿದ್ದರು. ಎಸೆಯುವಾಗ ಪಟ್ಟಿ ಬಿಚ್ಚಿಕೊಳ್ಳುತ್ತ ಭರ್ಜಿಗೆ ತಿರುಗುವ ವೇಗವನ್ನು ಕೊಡುತ್ತಿದ್ದುದರಿಂದ ಅದು ನೆಟ್ಟಗೆ ಸಾಗಿ ಹೆಚ್ಚು ದೂರ ಮುಟ್ಟುತ್ತಿತ್ತು. ಬಿಲ್ಲುಗಾರಿಕೆಗೆ ಕ್ರೀಟ್ ದ್ವೀಪದವರು ಹೆಸರಾಗಿದ್ದರು. ಕವಣೆ ಬೀಸುವುದರಲ್ಲಿ ರೋಡ್ಸ್ ದ್ವೀಪದವರೂ ಪಶ್ಚಿಮ ಗ್ರೀಸಿನ ಅಕರ್ನೇನಿಯದವರೂ ಪಳಗಿದ್ದರು. ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸುವವರ ಕೈಯಲ್ಲಿರುವ ಕವಣೆಯಂಥದ್ದೇ ಸಾಧನವಾದರೂ, ಯುದ್ಧದಲ್ಲಿ ಅದಕ್ಕೆ ಕಲ್ಲಿನ ಬದಲು ಅಚ್ಚಿನಲ್ಲಿ ಎರಕಹೊಯ್ದ, ಬಾದಾಮಿಯಾಕಾರದ ಸೀಸದ ಗುಂಡನ್ನು ಹಾಕುತ್ತಿದ್ದರು. ಹಾರಿ ಬರುವಾಗ ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಈ ಗುಂಡುಗಳ ಮೇಲೆ ಕೆಲವೊಮ್ಮೆ ಸೇನಾಪತಿಯ ಹೆಸರೋ 'ತಗೋ' ಎಂಬ ಅಣಕದ ಮಾತೋ ಅಚ್ಚಾಗಿರುತ್ತಿತ್ತು, ಕ್ರಿ.ಪೂ. 348ರಲ್ಲಿ ಮ್ಯಾಸಿಡೋನಿಯದ ಎರಡನೆಯ ಫಿಲಿಪ್ ನೆಲಸಮ ಮಾಡಿದ ಒಲಿಂಥಸ್ ನಗರದ ಉತ್ಖನನದಲ್ಲಿ ಅವನ ಹೆಸರನ್ನೇ ಹೊತ್ತ ಗುಂಡುಗಳು ದೊರೆತಿವೆ. ಇವರೆಲ್ಲರಿಂದ ಸ್ವಲ್ಪ ಬೇರೆಯಾಗಿ ನಿಲ್ಲುವವನು ಪೆಲ್ಟಾಸ್ಟ್. ಹೆಣೆದ ಕಡ್ಡಿಗಳ ಮೇಲೆ ಆಡು ಅಥವಾ ಕುರಿಯ ತೊಗಲನ್ನು ಬಿಗಿದ, ಬಹುಮಟ್ಟಿಗೆ ಅರ್ಧಚಂದ್ರಾಕಾರದ 'ಪೆಲ್ಟೆ' ಎಂಬ ಹಗುರ ಗುರಾಣಿಯಿಂದ ಅವನಿಗೆ ಈ ಹೆಸರು ಬಂದಿತು. ಗ್ರೀಸಿನ ಈಶಾನ್ಯಕ್ಕಿದ್ದ ಥ್ರೇಸ್ ಅವನ ತವರು. ನರಿಯ ತೊಗಲಿನ ಟೊಪ್ಪಿಗೆ ಮತ್ತು ಚಿತ್ತಾರದ ಕಂಬಳಿಯಂಥ ಮೇಲುಹೊದಿಕೆಯಲ್ಲಿ ಅವನನ್ನು ಅಥೆನ್ಸಿನ ಕುಂಬಾರರು ತಮ್ಮ ಪಾತ್ರೆಗಳ ಮೇಲೆ ಮತ್ತೆ ಮತ್ತೆ ಚಿತ್ರಿಸಿದ್ದಾರೆ.

ದೂರದಿಂದ ಕೊಲ್ಲುವವನ ಬಗ್ಗೆ ಗ್ರೀಕರಿಗಿದ್ದ ತಾತ್ಸಾರ ಹಳೆಯದು. ಹೋಮರನ ಇಲಿಯಡ್‌ನಲ್ಲಿ ಪ್ಯಾರಿಸನ ಬಾಣ ತಾಗಿದ ಡಯೊಮೀಡೀಸ್ ಅವನನ್ನು ಹಂಗಿಸುವುದು ಬಿಲ್ಲುಗಾರನೆಂಬ ಕಾರಣಕ್ಕೇ. ಯೂರಿಪಿಡೀಸನ ಹೆರಾಕ್ಲೀಸ್ ನಾಟಕದಲ್ಲಿ ಬಿಲ್ಲು ಹೇಡಿಯ ಆಯುಧವೇ ಅಲ್ಲವೇ ಎಂಬುದರ ಮೇಲೆ ಒಂದು ವಾಗ್ವಾದವೇ ನಡೆಯುತ್ತದೆ. ಯೂಬಿಯಾ ದ್ವೀಪದ ಕಾಲ್ಕಿಸ್ ಮತ್ತು ಎರಿಟ್ರಿಯಾ ನಗರಗಳು ತಮ್ಮ ನಡುವಿನ ಕದನದಲ್ಲಿ ದೂರದಿಂದ ಎಸೆಯುವ ಆಯುಧಗಳನ್ನು ಬಳಸಬಾರದೆಂದು ಒಪ್ಪಂದ ಮಾಡಿಕೊಂಡಿದ್ದವೆಂದೂ ಅದನ್ನು ಸಾರುವ ಕಂಬವೊಂದು ಆರ್ಟೆಮಿಸ್ ದೇವಿಯ ಗುಡಿಯಲ್ಲಿತ್ತೆಂದೂ ಭೂಗೋಳಕಾರ ಸ್ಟ್ರೇಬೋ ಹೇಳುತ್ತಾನಾದರೂ, ಇದು ಹಿಂದಿನವರು ಮರ್ಯಾದೆಯಿಂದ ಕಾದುತ್ತಿದ್ದರೆಂದು ತೋರಿಸಲು ಮುಂದಿನವರು ಕಟ್ಟಿದ ಕಥೆಯಿರಬಹುದೆಂಬ ಸಂಶಯ ಆಧುನಿಕ ವಿದ್ವಾಂಸರಲ್ಲಿದೆ. ಆ ಸಂಶಯ ಸಕಾರಣವಾದದ್ದೇ, ಏಕೆಂದರೆ ಹಳೆಯ ಕಾವ್ಯದ ಸಾಕ್ಷ್ಯವೇ ಬೇರೆ ದಾರಿ ಹಿಡಿಯುತ್ತದೆ. ಅದೇ ಇಲಿಯಡ್‌ನಲ್ಲಿ ಟ್ಯೂಕ್ರಸ್ ಅಣ್ಣ ಏಜಾಕ್ಸನ ಗುರಾಣಿಯ ಮರೆಯಿಂದ ಬಾಣ ಬಿಟ್ಟು ಮತ್ತೆ ಅದರ ಹಿಂದೆ ಸರಿದುಕೊಳ್ಳುತ್ತಾನೆ, ಕ್ರಿ.ಪೂ. 7ನೆಯ ಶತಮಾನದ ಸ್ಪಾರ್ಟಾದ ಕವಿ ಟಿರ್ಟೀಯಸ್ ಬರಿಮೈಯವರಿಗೆ ಅಲ್ಲಲ್ಲಿ ಗುರಾಣಿಗಳ ಅಡಿಯಲ್ಲಿ ಕುಕ್ಕರಿಸಿ ಕಲ್ಲು, ಭರ್ಜಿಗಳನ್ನು ತೂರುವಂತೆ ಹುರಿದುಂಬಿಸುತ್ತಾನೆ. ಅಂದರೆ ಭಾರಿ ಪದಾತಿಯ ತವರೆನಿಸಿದ ಸ್ಪಾರ್ಟಾದಲ್ಲೇ ಆರಂಭಕಾಲದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಬೆರೆತು ಕಾದುತ್ತಿದ್ದರು.

ಈ ಜನ ಎಷ್ಟಿದ್ದರು ಎಂಬ ಪ್ರಶ್ನೆಗೆ ದೊರೆಯುವ ದೊಡ್ಡ ಉತ್ತರ ಕ್ರಿ.ಪೂ. 479ರ ಪ್ಲಟೀಯಾ ಯುದ್ಧದ್ದು. ಪರ್ಷಿಯನ್ನರ ವಿರುದ್ಧ ಅಲ್ಲಿ ನೆರೆದ ಗ್ರೀಕ್ ಸೇನೆಯಲ್ಲಿ 38,700 ಹಾಪ್ಲೈಟರೂ 69,500 ಲಘು ಪದಾತಿಗಳೂ ಇದ್ದರೆಂದು ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಆದರೆ ಈ ಎರಡನೆಯ ಸಂಖ್ಯೆ ತಲೆ ಎಣಿಸಿ ಬಂದದ್ದಲ್ಲ, ಗುಣಿಸಿ ಬಂದದ್ದು ಎಂಬುದು ಅವನ ವಿವರಣೆಯಿಂದಲೇ ತಿಳಿಯುತ್ತದೆ: 5,000 ಸ್ಪಾರ್ಟನ್ನರಲ್ಲಿ ಒಬ್ಬೊಬ್ಬನಿಗೆ ಏಳು ಮಂದಿಯಂತೆ 35,000 ಹೆಲಟರು, ಅಂದರೆ ಸ್ಪಾರ್ಟಾದ ಜೀತಗಾರರು, ಮತ್ತು ಉಳಿದ ಹಾಪ್ಲೈಟರಿಗೆ ತಲಾ ಒಬ್ಬನಂತೆ 34,500 ಮಂದಿ. ಉಳಿದ ಹಾಪ್ಲೈಟರು 33,700 ಇರುವುದರಿಂದ ಲೆಕ್ಕದಲ್ಲಿ 800 ಹೆಚ್ಚಾಗುತ್ತದೆ. ಆ 800 ಮಂದಿ ಅಥೆನ್ಸಿನ ಬಿಲ್ಲುಗಾರರಿರಬಹುದೆಂಬ ಊಹೆಯೊಂದಿದೆ. ಊಹೆ ನಿಜವಾದರೆ, ಪಡೆಯಾಗಿ ಸಂಘಟಿತರಾದವರು ಮಾತ್ರ ನಿಜವಾಗಿ ಎಣಿಕೆಗೆ ಸಿಕ್ಕರೆಂದಾಯಿತು. ಆ ಬಿಲ್ಲುಗಾರರ ಕೆಲಸವೂ ಕಥನದಲ್ಲಿ ಕಾಣಿಸುತ್ತದೆ: ಪರ್ಷಿಯನ್ ಅಶ್ವದಳದ ನಾಯಕ ಮಸಿಸ್ಟಿಯಸನ ಕುದುರೆಯ ಪಕ್ಕೆಗೆ ಬಾಣ ಹೊಡೆದು ಅವನನ್ನು ಕೆಡವಿದವರು ಅವರೇ, ಮುಂದೆ ಕುದುರೆ ಸವಾರರ ಕಾಟ ತಾಳಲಾರದ ಸ್ಪಾರ್ಟಾದ ಪೌಸೇನಿಯಸ್ ನೀವು ಬರಲಾಗದಿದ್ದರೆ ಬಿಲ್ಲುಗಾರರನ್ನಾದರೂ ಕಳಿಸಿ ಎಂದು ಅಥೆನ್ಸಿನವರಿಗೆ ಹೇಳಿಕಳಿಸಿದ್ದೂ ಅವರಿಗಾಗಿಯೇ. 35,000 ಹೆಲಟರು ಏನು ಮಾಡಿದರೆಂಬುದರ ಬಗ್ಗೆ ಮಾತ್ರ ಹೆರೊಡೋಟಸ್ ಹೆಚ್ಚುಕಡಿಮೆ ಮೌನಿ. ಅಂತಿಮ ಕಾಳಗದಲ್ಲಿ ಸತ್ತ ಸ್ಪಾರ್ಟನ್ನರು 91, ಟೀಜಿಯಾದವರು 16, ಅಥೆನ್ಸಿನವರು 52 ಎಂದು ಬಿಡಿಬಿಡಿಯಾಗಿ ಲೆಕ್ಕ ಕೊಡುವ ಅವನು ಸತ್ತ ಹೆಲಟರ ಸಂಖ್ಯೆಯನ್ನು ಕೊಡುವುದಿಲ್ಲ. ಆದರೆ ಸ್ಪಾರ್ಟನ್ನರು ತೋಡಿದ ಮೂರು ಸಮಾಧಿಗಳಲ್ಲಿ ಒಂದು ಹೆಲಟರದಾಗಿತ್ತೆಂದು ಹೇಳಿ ಮುಂದೆ ಸಾಗುತ್ತಾನೆ. ಬರಿಯ ಹೊರೆಯಾಳುಗಳಾಗಿ ಹಿಂದೆ ಉಳಿದವರಿಗೆ ರಣರಂಗದಲ್ಲಿ ಪ್ರತ್ಯೇಕ ಸಮಾಧಿ ಬೇಕಾಗುವಷ್ಟು ಸಾವು ಹೇಗೆ ಬಂದಿತೆಂದು ಓದುಗನು ತಾನೇ ಕೇಳಿಕೊಳ್ಳಬೇಕಾಗುತ್ತದೆ.

ಮುಂದಿನ ಇತಿಹಾಸಕಾರ ಥೂಸಿಡೈಡೀಸನಲ್ಲಿಯೂ ಇದೇ ರೂಢಿ ಮುಂದುವರಿಯುತ್ತದೆ. ಕ್ರಿ.ಪೂ. 424ರ ಡೀಲಿಯಮ್ ಯುದ್ಧದಲ್ಲಿ ಬಿಯೋಷಿಯದವರು ಸುಮಾರು 500, ಅಥೆನ್ಸಿನವರು ಸುಮಾರು 1,000 ಮಂದಿ ಸತ್ತರೆಂದು ಬರೆದು, ಲಘು ಪದಾತಿಗಳೂ ಸಾಮಾನು ಹೊರುವವರೂ ಬಹಳ ಮಂದಿ ಸತ್ತರೆಂದಷ್ಟೇ ಅವನು ಸೇರಿಸುತ್ತಾನೆ. ಅಥೆನ್ಸಿಗೆ ಆಗ ಕ್ರಮವಾಗಿ ಶಸ್ತ್ರಸಜ್ಜಿತವಾದ ಲಘು ಪಡೆಯೇ ಇರಲಿಲ್ಲವೆಂದೂ ಅವನು ಅಲ್ಲೇ ಹೇಳುತ್ತಾನೆ. ಆದರೆ ಕ್ರಿ.ಪೂ. 431ರಲ್ಲಿ ಅಥೆನ್ಸಿಗೆ 1,600 ಬಿಲ್ಲುಗಾರರಿದ್ದರೆಂದೂ, 415ರಲ್ಲಿ ಸಿಸಿಲಿಗೆ ಹೊರಟ ದಂಡಿನಲ್ಲಿ 80 ಮಂದಿ ಕ್ರೀಟಿನವರೂ ಸೇರಿದಂತೆ 480 ಬಿಲ್ಲುಗಾರರು, ರೋಡ್ಸಿನ 700 ಕವಣೆಗಾರರು, ಮೆಗಾರದಿಂದ ದೇಶಭ್ರಷ್ಟರಾದ 120 ಲಘು ಪದಾತಿಗಳು ಇದ್ದರೆಂದೂ ಒಬ್ಬರನ್ನೂ ಬಿಡದೆ ಲೆಕ್ಕ ಒಪ್ಪಿಸುವವನೂ ಅವನೇ. ಈ ವ್ಯತ್ಯಾಸಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಂಬಳ ಕೊಟ್ಟು ಕರೆದೊಯ್ದವರ ಪಟ್ಟಿ ಖಜಾನೆಯಲ್ಲಿರುತ್ತದೆ, ಗುರಾಣಿಯೊಡನೆ ಬರುವ ನಾಗರಿಕನ ಹೆಸರು ಊರಿನ ಪಟ್ಟಿಯಲ್ಲಿರುತ್ತದೆ. ಒಡೆಯನ ಗುರಾಣಿ ಹೊತ್ತು ಬಂದ ಆಳಿನದಾಗಲಿ, ಊರೆಲ್ಲ ಹೊರಟಾಗ ಕೈಗೆ ಕಲ್ಲು ಎತ್ತಿಕೊಂಡು ಹೊರಟ ಬಡವನದಾಗಲಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕ್ರಿ.ಪೂ. 5ನೆಯ ಶತಮಾನದ ಕೊನೆಯಲ್ಲಿ ಲಘು ಪದಾತಿ ಇದ್ದಕ್ಕಿದ್ದಂತೆ ಬೆಳೆದು ನಿಂತಂತೆ ಕಾಣುವುದರ ಹಿಂದೆ ಯುದ್ಧಕಲೆಯ ಬದಲಾವಣೆ ಎಷ್ಟಿದೆಯೋ, ಹಣ ಪಡೆದು ಎಣಿಕೆಗೆ ಸಿಕ್ಕವರ ಸಂಖ್ಯೆ ಹೆಚ್ಚಿದ್ದೂ ಅಷ್ಟೇ ಇದೆ.

ಈ ವಿಷಯದಲ್ಲಿ ವಿದ್ವಾಂಸರ ನಿಲುವುಗಳು ಕಳೆದ ಐದಾರು ದಶಕಗಳಲ್ಲಿ ಬಹಳ ಸರಿದಿವೆ. 1969ರಲ್ಲಿ ಯಾನ್ ಬೆಸ್ಟ್ ಥ್ರೇಸಿನ ಪೆಲ್ಟಾಸ್ಟರ ಬಗ್ಗೆ ಪ್ರತ್ಯೇಕ ಗ್ರಂಥವನ್ನೇ ಬರೆದು ಗ್ರೀಕ್ ಯುದ್ಧದ ಮೇಲೆ ಅವರ ಪ್ರಭಾವವನ್ನು ಎತ್ತಿ ತೋರಿಸಿದರು. 1989ರಲ್ಲಿ ಬಂದ ವಿಕ್ಟರ್ ಡೇವಿಸ್ ಹ್ಯಾನ್ಸನ್ ಅವರ ಪ್ರಸಿದ್ಧ ಪುಸ್ತಕ ಹಾಪ್ಲೈಟರ ಮುಖಾಮುಖಿ ಡಿಕ್ಕಿಯನ್ನೇ ಗ್ರೀಕ್ ಯುದ್ಧದ ಜೀವಾಳವಾಗಿ ಕಂಡಿತು. ಅದರಲ್ಲಿ ಬರಿಮೈಯವರಿಗೆ ಜಾಗ ಕಡಿಮೆ. 2004ರಲ್ಲಿ ಹಾನ್ಸ್ ಫಾನ್ ವೇಸ್ ಆ ಚಿತ್ರವನ್ನೇ ಪ್ರಶ್ನಿಸಿ, ಬಿಗಿಯಾದ ಸಾಲು ತಡವಾಗಿ ರೂಪುಗೊಂಡಿತೆಂದೂ ಅದಕ್ಕೆ ಮೊದಲು ಬಹುಕಾಲ ಲಘು, ಭಾರಿ ಯೋಧರು ಕಲೆತು ಹೋರಾಡುತ್ತಿದ್ದರೆಂದೂ ವಾದಿಸಿದರು. ಟಿರ್ಟೀಯಸನ ಸಾಕ್ಷ್ಯವನ್ನು ಗಂಭೀರವಾಗಿ ತೆಗೆದುಕೊಂಡರೆ ಈ ಕೊನೆಯ ವಾದದ ಕಡೆಗೇ ತಕ್ಕಡಿ ವಾಲುತ್ತದೆ.

ಬರಿಮೈಯವರ ಬಲ ಎಲ್ಲರ ಕಣ್ಣಿಗೂ ಕುಕ್ಕಿದ್ದು ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವಿನ ಪೆಲೊಪೊನೀಸಿಯನ್ ಯುದ್ಧದಲ್ಲಿ. ಕ್ರಿ.ಪೂ. 429ರಲ್ಲಿ ಸ್ಪಾರ್ಟೋಲಸ್ ಬಳಿ 2,000 ಅಥೆನ್ಸ್ ಹಾಪ್ಲೈಟರು ಎದುರಾಳಿ ಹಾಪ್ಲೈಟರನ್ನು ಸೋಲಿಸಿಯೂ, ಪೆಲ್ಟಾಸ್ಟರು ಮತ್ತು ಕುದುರೆ ಸವಾರರು ಮುಂದೊತ್ತಿದರೆ ಹಿಂದೆ ಸರಿದು, ಹಿಂದೆ ಸರಿದರೆ ಬೆನ್ನಟ್ಟಿ ಕಾಡಿದ್ದರಿಂದ 430 ಮಂದಿಯನ್ನೂ ಮೂವರು ಸೇನಾಪತಿಗಳನ್ನೂ ಕಳೆದುಕೊಂಡರು. 426ರಲ್ಲಿ ಅಥೆನ್ಸಿನ ಸೇನಾಪತಿ ಡೆಮಾಸ್ತನೀಸ್ ಈಟೋಲಿಯದ ಬೆಟ್ಟಗಾಡಿಗೆ ನುಗ್ಗಿ ಅದೇ ಪಾಠ ಕಲಿತನು. ಅವನ ಬಿಲ್ಲುಗಾರರ ಬಳಿ ಬಾಣಗಳಿರುವ ತನಕ ಈಟೋಲಿಯನ್ನರ ಭರ್ಜಿಗಾರರು ದೂರವಿದ್ದರು. ಬಿಲ್ಲುಗಾರರ ನಾಯಕ ಸತ್ತು ಅವನ ಜನ ಚದುರಿದೊಡನೆ ಹಾಪ್ಲೈಟರ ಸಾಲು ಕುಸಿಯಿತು, ದಾರಿ ತೋರುತ್ತಿದ್ದವನೂ ಸತ್ತದ್ದರಿಂದ ಓಡಿದವರು ದಾರಿಯಿಲ್ಲದ ಕೊರಕಲುಗಳಿಗೆ ಬಿದ್ದರು. ಅಥೆನ್ಸಿನ 120 ಹಾಪ್ಲೈಟರು ಅಲ್ಲಿ ಮಡಿದರು.

ಮರುವರ್ಷವೇ ಅದೇ ಡೆಮಾಸ್ತನೀಸ್ ತಾನು ಸೋತ ಬಗೆಯನ್ನು ಸ್ಫಾಕ್ಟೀರಿಯಾ ದ್ವೀಪದಲ್ಲಿ ಸ್ಪಾರ್ಟನ್ನರ ಮೇಲೆ ಪ್ರಯೋಗಿಸಿದನು. ಪೈಲಾಸ್ ಕೊಲ್ಲಿಗೆ ಅಡ್ಡವಾಗಿ ಮಲಗಿರುವ ಆ ಉದ್ದನೆಯ ದ್ವೀಪದಲ್ಲಿ 420 ಹಾಪ್ಲೈಟರು ತಮ್ಮ ಹೆಲಟರೊಡನೆ ಸಿಕ್ಕಿಬಿದ್ದಿದ್ದರು. ಕಾಡು ದಟ್ಟವಾಗಿದ್ದಷ್ಟು ಕಾಲ ಅವರ ಸಂಖ್ಯೆಯಾಗಲಿ ನೆಲೆಯಾಗಲಿ ತಿಳಿಯುವಂತಿರಲಿಲ್ಲ. ಅಂಚಿನಲ್ಲಿ ಇಳಿದು ಅಡುಗೆ ಮಾಡಿಕೊಳ್ಳುತ್ತಿದ್ದ ಸೈನಿಕನೊಬ್ಬನ ಕೈತಪ್ಪಿನಿಂದ ಹೊತ್ತಿದ ಬೆಂಕಿ ಗಾಳಿಗೆ ಹಬ್ಬಿ ಕಾಡಿನ ಬಹುಪಾಲನ್ನು ಸುಟ್ಟು ಬಯಲು ಮಾಡಿತು. ಅಥೆನ್ಸಿನಿಂದ ಕ್ಲಿಯಾನ್ ಎಂಬ ನಾಯಕ ತಂದ ಹೊಸ ಪಡೆ ಸೇರಿದ ಮೇಲೆ ರಾತ್ರಿಯ ಕೊನೆಗೆ 800 ಹಾಪ್ಲೈಟರು ಇಳಿದರು. ಬೆಳಗಾಗುತ್ತಿದ್ದಂತೆ 800 ಬಿಲ್ಲುಗಾರರು, ಅಷ್ಟೇ ಮಂದಿ ಪೆಲ್ಟಾಸ್ಟರು, 70ಕ್ಕೂ ಹೆಚ್ಚು ಹಡಗುಗಳಲ್ಲಿ ತಳದ ಸಾಲಿನವರನ್ನು ಬಿಟ್ಟು ಉಳಿದ ಎಲ್ಲ ಹುಟ್ಟುಗಾರರು ಇಳಿದು, ಇನ್ನೂರರಷ್ಟು ಮಂದಿಯ ಗುಂಪುಗಳಾಗಿ ದಿಣ್ಣೆಗಳನ್ನು ಹಿಡಿದರು. ಸ್ಪಾರ್ಟನ್ನರು ಎದುರಿಗಿದ್ದ ಹಾಪ್ಲೈಟರತ್ತ ನಡೆದರೆ ಅವರು ನಿಂತಲ್ಲೇ ನಿಂತರು. ಪಕ್ಕದಿಂದ, ಹಿಂದಿನಿಂದ ಕಲ್ಲು, ಬಾಣ, ಭರ್ಜಿಗಳು ಸುರಿದವು. ಬೆನ್ನಟ್ಟಿದರೆ ಹಗುರ ಕಾಲಿನವರು ಕಲ್ಲುನೆಲದಲ್ಲಿ ಸುಲಭವಾಗಿ ತಪ್ಪಿಸಿಕೊಂಡರು. ಆಗತಾನೇ ಸುಟ್ಟ ಕಾಡಿನ ಬೂದಿ ಸಾವಿರಾರು ಕಾಲುಗಳ ತುಳಿತಕ್ಕೆ ಮೇಲೆದ್ದು ಕಣ್ಣು ಮುಚ್ಚಿಸಿತು, ಶತ್ರುಗಳ ಕೂಗಿನಲ್ಲಿ ತಮ್ಮ ನಾಯಕರ ಆಜ್ಞೆ ಕೇಳದಾಯಿತು, ತಲೆಗೆ ತೊಟ್ಟ ಟೊಪ್ಪಿಗೆಗಳು ಬಾಣಗಳನ್ನು ತಡೆಯಲಿಲ್ಲ, ನಾಟಿದ ಭರ್ಜಿಗಳು ಮೈಯಲ್ಲೇ ಮುರಿದುಕೊಂಡವು. ಕೊನೆಗೆ 292 ಮಂದಿ ಸೆರೆಯಾದರು, ಅವರಲ್ಲಿ ಸುಮಾರು 120 ಮಂದಿ ಪೂರ್ಣ ಪೌರತ್ವದ ಸ್ಪಾರ್ಟನ್ನರು. ಸತ್ತವರೇ ವೀರರಾಗಿದ್ದರೇ ಎಂದು ಚುಚ್ಚಿದವನಿಗೆ ಸೆರೆಯಾಳೊಬ್ಬನು, ವೀರನನ್ನು ಆರಿಸಿ ಕೊಲ್ಲಬಲ್ಲ ಬಾಣವಿದ್ದರೆ ಅದಕ್ಕೆ ಬಹಳ ಬೆಲೆ ಕಟ್ಟಬೇಕಾದೀತು ಎಂಬರ್ಥದ ಉತ್ತರ ಕೊಟ್ಟನೆಂದು ಥೂಸಿಡೈಡೀಸ್ ಹೇಳುತ್ತಾನೆ. ಆ ಉತ್ತರದಲ್ಲಿ ಬಾಣಕ್ಕೆ ಬಳಸಿದ ಪದಕ್ಕೆ ನೂಲುವ ಕದಿರು ಎಂಬ ಅರ್ಥವೂ ಇತ್ತು. ಹೆಂಗಸರ ಕೈಯ ಸಲಕರಣೆಯೆಂಬ ಅಣಕ ಸೋಲಿನಲ್ಲೂ ಬಿಡಲಿಲ್ಲ.

ಹಣ ಕೊಟ್ಟು ತಂದ ಪಡೆಗೆ ಇನ್ನೊಂದು ಮುಖವೂ ಇತ್ತು. ಕ್ರಿ.ಪೂ. 413ರಲ್ಲಿ ಸಿಸಿಲಿಗೆಂದು ಕರೆಸಿದ ಥ್ರೇಸಿನ 1,300 ಪೆಲ್ಟಾಸ್ಟರು ತಡವಾಗಿ ಬಂದರು. ದಿನಕ್ಕೆ ಒಬ್ಬೊಬ್ಬನಿಗೂ ಒಂದು ದ್ರಾಕ್ಮ ತೆತ್ತು ಇಟ್ಟುಕೊಳ್ಳುವುದು ದುಬಾರಿಯೆಂದು ಅಥೆನ್ಸ್ ಅವರನ್ನು ಹಿಂದಕ್ಕೆ ಕಳಿಸಿತು, ದಾರಿಯಲ್ಲಿ ಶತ್ರುಗಳಿಗೆ ಆದಷ್ಟು ಹಾನಿ ಮಾಡಿಸಬೇಕೆಂದು ಅವರ ಮುಖಂಡನಿಗೆ ಹೇಳಿಯೂ ಕಳಿಸಿತು. ಅವರು ಮಿಕಲೆಸಸ್ ಎಂಬ ಕಾವಲಿಲ್ಲದ ಊರಿಗೆ ನುಗ್ಗಿ ಹೆಂಗಸರು, ಮಕ್ಕಳು, ದನಕರುಗಳೆನ್ನದೆ ಕೊಂದರು; ಹುಡುಗರು ಆಗಷ್ಟೇ ಒಳಗೆ ಹೋಗಿದ್ದ ಶಾಲೆಯೊಂದರಲ್ಲಿ ಒಬ್ಬರನ್ನೂ ಉಳಿಸಲಿಲ್ಲ.

ಒಬ್ಬನೇ ಮನುಷ್ಯ ಭಾರಿ ಪದಾತಿಯೂ ಲಘು ಪದಾತಿಯೂ ಆಗಬಹುದಿತ್ತೆಂಬುದನ್ನು ತಾನೇ ಭಾಗವಹಿಸಿದ ದಂಡಯಾತ್ರೆಯ ಬಗ್ಗೆ ಜೆನೊಫನ್ ಬರೆದ ಅನಾಬಸಿಸ್ ಚೆನ್ನಾಗಿ ತೋರಿಸುತ್ತದೆ. ಕ್ರಿ.ಪೂ. 401ರಲ್ಲಿ ಕುನಾಕ್ಸದ ಬಳಿ ತಮ್ಮ ಒಡೆಯ ಕಿರಿಯ ಸೈರಸ್ ಸತ್ತ ಮೇಲೆ ಪರ್ಷಿಯದ ನಡುವೆ ಸಿಕ್ಕಿಕೊಂಡ ಗ್ರೀಕ್ ಬಾಡಿಗೆ ಸೇನೆಯನ್ನು ಶತ್ರುವಿನ ಬಿಲ್ಲುಗಾರರೂ ಕವಣೆಗಾರರೂ ದೂರದಿಂದಲೇ ಕಾಡತೊಡಗಿದರು. ಗ್ರೀಕರ ಕಡೆಯ ಕ್ರೀಟಿನವರ ಬಾಣಗಳು ಅಷ್ಟು ದೂರ ಹೋಗಲಿಲ್ಲ, ಭರ್ಜಿಗಳಂತೂ ಮುಟ್ಟಲೇ ಇಲ್ಲ. ಸೇನೆಯಲ್ಲಿರುವ ರೋಡ್ಸಿನವರಿಗೆ ಕವಣೆ ಬರುತ್ತದಂತೆ, ಮುಷ್ಟಿಗಾತ್ರದ ಕಲ್ಲು ಹಾಕುವ ಪರ್ಷಿಯನ್ನರಿಗಿಂತ ಅವರ ಸೀಸದ ಗುಂಡು ಎರಡರಷ್ಟು ದೂರ ಹೋಗುತ್ತದೆ ಎಂದು ಜೆನೊಫನ್ ಸಭೆಯಲ್ಲಿ ಹೇಳಿ, ಕವಣೆ ಇದ್ದವರಿಗೆ ಅದರ ಬೆಲೆ, ಹೊಸದನ್ನು ಹೆಣೆದವರಿಗೆ ಕೂಲಿ, ಕವಣೆಗಾರನಾಗಿ ನಿಂತವನಿಗೆ ಬೇರೆ ಕೆಲಸಗಳಿಂದ ವಿನಾಯಿತಿ ಎಂದು ಗೊತ್ತುಮಾಡಿಸಿದನು. ಆ ರಾತ್ರಿಯೇ 200 ಕವಣೆಗಾರರು ಸಿದ್ಧರಾದರು. ಮುಂದೆ ಹಳ್ಳಿಗಳಲ್ಲಿ ಕವಣೆಗೆ ಬೇಕಾದ ನರದ ಹುರಿಯೂ ಸೀಸವೂ ದೊರೆತುದನ್ನು ಅವನು ಮರೆಯದೆ ಬರೆಯುತ್ತಾನೆ. ಕಾರ್ದೂಖರ ಬೆಟ್ಟಗಳಲ್ಲಿ ತಮ್ಮ ಮೇಲೆ ಬಿದ್ದ ಎರಡು ಮೊಳಕ್ಕೂ ಉದ್ದನೆಯ ಬಾಣಗಳಿಗೆ ತೊಗಲಿನ ಪಟ್ಟಿ ಕಟ್ಟಿ ಅವನ್ನೇ ಭರ್ಜಿಯಾಗಿ ತಿರುಗಿ ಎಸೆದರೆಂದೂ ಹೇಳುತ್ತಾನೆ. ಅವಮಾನದ ಮಾತು ಇಲ್ಲೆಲ್ಲೂ ಇಲ್ಲ, ಬೇಕಾದದ್ದಕ್ಕೆ ಬೆಲೆ ಕಟ್ಟುವ ವ್ಯವಹಾರವಷ್ಟೇ ಇದೆ.

ಆ ವ್ಯವಹಾರದ ಫಲ ಕ್ರಿ.ಪೂ. 390ರಲ್ಲಿ ಕೊರಿಂತಿನ ಬಂದರು ಲೆಖೇಯಮ್ ಬಳಿ ಕಂಡಿತು. ಅಥೆನ್ಸಿನ ಇಫಿಕ್ರಟೀಸ್ ವರ್ಷಗಳ ಕಾಲ ತನ್ನ ಕೈಕೆಳಗಿಟ್ಟುಕೊಂಡು ಪಳಗಿಸಿದ ಬಾಡಿಗೆ ಪೆಲ್ಟಾಸ್ಟರಿಗೆ ಸ್ಪಾರ್ಟಾದ ಮಿತ್ರರು ಹೆದರುತ್ತಿದ್ದುದನ್ನು ನೋಡಿ, ಮಕ್ಕಳು ಗುಮ್ಮನಿಗೆ ಹೆದರಿದಂತೆ ಇದು ಎಂದು ಸ್ಪಾರ್ಟನ್ನರು ನಗುತ್ತಿದ್ದರು. ಹಬ್ಬಕ್ಕೆ ಊರಿಗೆ ಹೊರಟವರನ್ನು ಬೀಳ್ಕೊಟ್ಟು ಹಿಂದಿರುಗುತ್ತಿದ್ದ ಸುಮಾರು 600 ಮಂದಿಯ ಸ್ಪಾರ್ಟನ್ ದಳ ಕೊರಿಂತಿನ ಗೋಡೆಯ ಪಕ್ಕದಲ್ಲೇ ಸಾಗಿದಾಗ ಗುಮ್ಮ ಹೊರಬಂದನು. ಮೊದಲು ಗಾಯಗೊಂಡವರನ್ನು ಹೊತ್ತೊಯ್ಯಲು ಗುರಾಣಿ ಹೊರುವ ಆಳುಗಳಿಗೆ ಆಜ್ಞೆಯಾಯಿತು. ಆ ದಳದಲ್ಲಿ ನಿಜವಾಗಿ ಬದುಕಿ ಉಳಿದವರು ಅವರು ಮಾತ್ರ ಎಂದು ಜೆನೊಫನ್ ಕಹಿಯಾಗಿ ಬರೆಯುತ್ತಾನೆ. ಆಮೇಲೆ ಪ್ರಾಯಕ್ಕೆ ಬಂದು ಹತ್ತು ವರ್ಷದೊಳಗಿನವರು, ಅನಂತರ ಹದಿನೈದು ವರ್ಷದೊಳಗಿನವರು ಸಾಲು ಬಿಟ್ಟು ಬೆನ್ನಟ್ಟಿದರು. ಗುರಾಣಿ ಹೊತ್ತವರು ಹಗುರ ಕಾಲಿನವರನ್ನು ಹಿಡಿಯಲಾರದೆ, ಒಬ್ಬೊಬ್ಬರಾಗಿ ಚದುರಿ ಹಿಂದಿರುಗುವಾಗ ಬೆನ್ನಿಗೆ ಭರ್ಜಿ ತಿಂದರು. ಸಹಾಯಕ್ಕೆ ಬಂದ ಕುದುರೆ ಸವಾರರೂ ಶತ್ರುವನ್ನು ಓಡಿಸಿಕೊಂಡು ಹೋಗದೆ ಹಾಪ್ಲೈಟರ ಸಾಲಿಗೆ ಸಾಲು ಕೊಟ್ಟು ನಿಂತರು. ಸುಮಾರು 250 ಮಂದಿ ಸತ್ತರು. ಇಫಿಕ್ರಟೀಸ್ ಮುಂದೆ ಈಟಿಯ ಉದ್ದವನ್ನು ಅರ್ಧದಷ್ಟು ಹೆಚ್ಚಿಸಿ, ದೊಡ್ಡ ಗುರಾಣಿಯ ಬದಲು ಪೆಲ್ಟೆ ಕೊಟ್ಟು ಹೊಸ ಬಗೆಯ ಪದಾತಿಯನ್ನೇ ಸೃಷ್ಟಿಸಿದನೆಂದು ಮುಂದಿನ ಕಾಲದ ಇತಿಹಾಸಕಾರ ಡಯೊಡೋರಸ್ ಹೇಳಿದರೂ, ಸಮಕಾಲೀನನಾದ ಜೆನೊಫನ್ನನಲ್ಲಿ ಅದರ ಸುಳಿವಿಲ್ಲದ್ದರಿಂದ ಆ ಮಾತನ್ನು ಪೂರ್ತಿ ನಂಬುವುದು ಕಷ್ಟ.

ಲೆಖೇಯಮ್ ಗೆಲುವನ್ನು ಪೆಲ್ಟಾಸ್ಟರ ಅಜೇಯತೆಯ ಸಾಕ್ಷಿಯಾಗಿ ಓದುವುದು ತಪ್ಪಾಗುತ್ತದೆ. ಕೊರಿಂತಿನ ಗೋಡೆಯ ಬಳಿ ಅಥೆನ್ಸಿನ ಇನ್ನೊಬ್ಬ ಸೇನಾಪತಿ ಕ್ಯಾಲಿಯಸನ ಹಾಪ್ಲೈಟರು ಸಾಲುಗಟ್ಟಿ ನಿಂತಿದ್ದರಿಂದಲೇ ಸ್ಪಾರ್ಟನ್ನರು ಇಡೀ ದಳವಾಗಿ ಚದುರಿ ದೂರದವರೆಗೆ ಬೆನ್ನಟ್ಟುವ ಧೈರ್ಯ ಮಾಡದಾದರು, ಕೊನೆಗೆ ಅವರು ಮುಂದೆ ಬಂದದ್ದನ್ನು ಕಂಡಾಗಲೇ ಉಳಿದವರು ಓಟಕಿತ್ತರು. ಬಯಲಿನಲ್ಲಿ ಒಳ್ಳೆಯ ಅಶ್ವದಳ ಎದುರಾದರೆ ಹಗುರ ಕಾಲೂ ಸಾಲದು: ಕ್ರಿ.ಪೂ. 381ರಲ್ಲಿ ಒಲಿಂಥಸ್ ಬಳಿ ಸ್ಪಾರ್ಟಾದ ಕಡೆಯ ಟ್ಲೆಮೋನಿಡಸನ ಪೆಲ್ಟಾಸ್ಟರು ಹಿಮ್ಮೆಟ್ಟುವಂತೆ ನಟಿಸಿದ ಸವಾರರನ್ನು ಬೆನ್ನಟ್ಟಿ ಹೊಳೆ ದಾಟಿದಾಗ, ಸವಾರರು ತಿರುಗಿಬಿದ್ದು ಅವನನ್ನೂ ನೂರಕ್ಕೂ ಹೆಚ್ಚು ಮಂದಿಯನ್ನೂ ಕೊಂದರು. ಈ ತೊಡಕನ್ನು ಬಿಡಿಸಿದವರು ಮ್ಯಾಸಿಡೋನಿಯದವರು. ಅಲೆಕ್ಸಾಂಡರನ ಸೇನೆಯಲ್ಲಿ ಅಗ್ರಿಯಾನಿಯನ್ ಭರ್ಜಿಗಾರರೂ ಕ್ರೀಟಿನ ಬಿಲ್ಲುಗಾರರೂ ಅಶ್ವದಳದ ಪಕ್ಕದಲ್ಲೇ ಇದ್ದರು. ಗಾಗಮೇಲದಲ್ಲಿ ಕುಡುಗೋಲು ಕಟ್ಟಿದ ರಥಗಳನ್ನೂ, ಕ್ರಿ.ಪೂ. 326ರಲ್ಲಿ ಝೇಲಂ ದಡದಲ್ಲಿ ಪುರುವಿನ ಆನೆಗಳ ಮಾವುತರನ್ನೂ ಎದುರಿಸಲು ಬೇಕಾದದ್ದು ಇಂಥ ಜನರೇ.

ರಾಜಕೀಯದ ಮಾತು ಉಳಿಯಿತು. ಅಶ್ವದಳ ಮತ್ತು ಭಾರಿ ಪದಾತಿ ಸಿರಿವಂತರಿಗೂ ಉಳ್ಳವರಿಗೂ ಹೊಂದುವಂಥವು, ಲಘು ಪದಾತಿ ಮತ್ತು ನೌಕಾಬಲ ಮಾತ್ರ ಪೂರ್ತಿಯಾಗಿ ಜನಸಾಮಾನ್ಯರ ಪಾಲಿನವು ಎಂದು ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದಲ್ಲಿ ಹೇಳುತ್ತಾನೆ. ಒಳಜಗಳಗಳಲ್ಲಿ ಅವರೇ ಗೆಲ್ಲುವುದರಿಂದ ಸಿರಿವಂತರೂ ತಮ್ಮ ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಈ ವಿದ್ಯೆ ಕಲಿಸಬೇಕೆಂಬುದು ಅವನ ಸಲಹೆ. ಅವನ ಮನಸ್ಸಿನಲ್ಲಿ ಕ್ರಿ.ಪೂ. 403ರ ಅಥೆನ್ಸ್ ಇದ್ದಿರಬಹುದು. ಮೂವತ್ತು ಮಂದಿಯ ದಬ್ಬಾಳಿಕೆಯ ವಿರುದ್ಧ ದಂಗೆಯೆದ್ದ ಥ್ರಸಿಬ್ಯೂಲಸ್ ಪಿರೀಯಸ್ ಬಂದರಿನ ಮುನಿಖಿಯಾ ಗುಡ್ಡದ ಮೇಲೆ ನಿಂತಾಗ, ಕೆಳಗಿನ ದಾರಿಯಲ್ಲಿ ಐವತ್ತು ಗುರಾಣಿಗಳ ಆಳಕ್ಕೆ ಶತ್ರುಗಳು ತುಂಬಿದ್ದರು. ಅವನ ಹಾಪ್ಲೈಟರು ಹತ್ತು ಸಾಲಿಗಿಂತ ಹೆಚ್ಚಿರಲಿಲ್ಲ; ಆದರೆ ಅವರ ಹಿಂದೆ ಮೇಲೇರಿದ ಇಳಿಜಾರಿನಲ್ಲಿ ಪೆಲ್ಟಾಸ್ಟರು, ಭರ್ಜಿಗಾರರು, ಅವರ ಹಿಂದೆ ಕಲ್ಲೆಸೆಯುವವರು ನಿಂತಿದ್ದರು, ಸುತ್ತಲ ಕೇರಿಗಳ ಜನ ಬಂದು ಸೇರುತ್ತಲೇ ಇದ್ದುದರಿಂದ ಈ ಕೊನೆಯವರು ಬಹಳ ಮಂದಿಯಿದ್ದರು. ಕೆಳಗಿನಿಂದ ಎಸೆಯಲಾರದ ಶತ್ರುಗಳ ಮೇಲೆ ಅವರು ತಮ್ಮವರ ತಲೆಗಳ ಮೇಲಿಂದ ಎಸೆದರು. ಮೂವತ್ತರ ಮುಖಂಡ ಕ್ರಿಟಿಯಸ್ ಅಂದು ಸತ್ತನು. ಮುಂದೆ ತಮ್ಮೊಡನೆ ಹೋರಾಡುವ ಪರದೇಶಿಗಳಿಗೂ ಹಕ್ಕುಗಳ ಮಾತು ಕೊಡಲಾಯಿತು, ಬಂದವರು ಮರದಿಂದಲೋ ಬೆತ್ತದಂಥ ಕಡ್ಡಿಯಿಂದಲೋ ಗುರಾಣಿ ಮಾಡಿ ಸುಣ್ಣದಂತೆ ಬಿಳಿ ಬಳಿದುಕೊಂಡರು. ಕ್ರಿ.ಪೂ. 401ರ ಸುಮಾರಿಗೆ ಅಥೆನ್ಸ್ ಕೆತ್ತಿಸಿದ ಕಲ್ಲಿನ ಶಾಸನವೊಂದರ ತುಣುಕುಗಳು ದೊರೆತಿದ್ದು, ದಂಗೆಯಲ್ಲಿ ಜೊತೆ ನಿಂತ ಪರದೇಶಿಗಳನ್ನು ಅದು ಗೌರವಿಸುತ್ತದೆ. ಅವರಲ್ಲಿ ಯಾರು ಕಲ್ಲೆಸೆದರು, ಯಾರು ಗುರಾಣಿ ಹಿಡಿದರು ಎಂದು ಶಾಸನ ಬೇರ್ಪಡಿಸುವುದಿಲ್ಲ. ಒಂದರ ಕೆಳಗೊಂದು ಹೆಸರು, ಪ್ರತಿ ಹೆಸರಿನ ಮುಂದೆ ಕಸುಬು: ಬೇಸಾಯಗಾರ, ಅಡುಗೆಯವ, ಬಡಗಿ, ಹೇಸರಗತ್ತೆ ಹೊಡೆಯುವವ, ತೋಟದವ.